ಚಿಕ್ಕಣ್ಣನವರ ಸ್ಯಾಕ್ಸೊಫೋನಿನ ಅಡಿಯ ಸದ್ದು

ದೆವ್ವ, ಗಾಳಿ ಎಂದು ಯಾರಾದರೂ ಬಾಯಿ ತೆರೆದರೆ, "ಮೊದಲು ಅರ್ಥಿಂಗ್ ನೋಡಿಸ್ರಪ್ಪ" ಎಂದು ಗೇಲಿ ಮಾಡುತ್ತಿದ್ದವನು ನಾನು. ಮದ್ದೂರಿನಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟವನಿಗೆ ಎಲ್ಲ ಸದ್ದಿನ ಹಿಂದೆಯೂ ಒಂದು ವೈರು ಇದ್ದೇ ಇರುತ್ತದೆ ಎಂಬ ನಂಬಿಕೆ. ಈಗ ಆ ಗೇಲಿ ಬಾಯಿಗೆ ಬರುವುದಿಲ್ಲ.

ಹೋದ ವರ್ಷ ಯಾರದೋ ಹಳೆಯ ಮದುವೆ ಕ್ಯಾಸೆಟ್ಟನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುತ್ತಿದ್ದೆ. ಧಾರೆಯ ಗದ್ದಲದ ಹಿಂದೆ ಒಂದು ಸ್ಯಾಕ್ಸೊಫೋನ್ ಕೇಳಿಸಿತು. ಬ್ಯಾಂಡ್‌ಸೆಟ್ಟಿನವರ ಊದಾಟವಲ್ಲ. ಒಂದು ಸ್ವರ ಊದಿ, ನಿಂತು, ಏನನ್ನೋ ಕೇಳಿಸಿಕೊಂಡು ಮುಂದಿನದಕ್ಕೆ ಜಾರುವ ಜಾಜ್. ನಮ್ಮ ಕಡೆ ಇಂಥವರು ಯಾರಪ್ಪ ಎಂದು ವಿಚಾರಿಸುತ್ತಾ ಹೋದೆ. ಸಿಕ್ಕಿದವರು ಕಿರುಗಾವಲಿನಲ್ಲಿ ಮಗಳ ಮನೆಯಲ್ಲಿದ್ದ ಚಿಕ್ಕಣ್ಣನವರು. ಬ್ಲಫ್ ಎಂಬಲ್ಲಿಯ, ನೀರಿನಿಂದ ಕರೆಂಟ್ ತೆಗೆಯುವ ಪವರ್‌ಹೌಸಿನಲ್ಲಿ ಕೆಲಸದಲ್ಲಿದ್ದಾಗ ಅಲ್ಲಿಯ ಕ್ಲಬ್ಬಿನ ರೆಕಾರ್ಡು ಕೇಳಿ ಕೇಳಿ ಕಲಿತವರು. ಶ್ರುತಿ ಸೇರುವುದಿಲ್ಲ ಎಂದು ಬ್ಯಾಂಡಿನವರು ಎಂದೋ ಕೈಬಿಟ್ಟಿದ್ದರು.

ಮಂಡ್ಯದ ಒಂದು ಸಂಗೀತ ಸಭೆಯವರಿಗೆ ಹೇಳಿದೆ. ರೆಕಾರ್ಡಿಂಗ್ ಕಳಿಸಿ, ಹಿಡಿಸಿದರೆ ಕಛೇರಿ ಇಡೋಣ ಎಂದರು. ಚಿಕ್ಕಣ್ಣನವರಿಗೆ ಜನ್ಮದಲ್ಲೇ ಮೊದಲ ಕಛೇರಿ. ಮಗಳು ಪುಟ್ಟತಾಯಮ್ಮ ಅಂದೇ ಅಪ್ಪನ ಬಿಳಿ ಪಂಚೆ ಒಗೆದು ಹರವಿದರು.

ನಾನು ರೆಕಾರ್ಡಿಂಗಿಗೆ ಹೋದ ದಿನ ಲೈನ್ ಕೆಲಸವೆಂದು ಊರಿಗೆಲ್ಲ ಕರೆಂಟ್ ಇರಲಿಲ್ಲ. ಫ್ಯಾನು, ಮಿಕ್ಸಿ ಕಾಟವಿಲ್ಲ, ಒಳ್ಳೆಯದೇ ಆಯಿತು ಎಂದು ಬ್ಯಾಟರಿ ರೆಕಾರ್ಡರ್ ಇಟ್ಟೆ. ಅವರು ಕಣ್ಣು ಮುಚ್ಚಿ ಊದಿದರು. ಮೈ ಜುಮ್ಮೆಂದಿತು. ಒಂದು ಸ್ವರವೂ ತಪ್ಪಿದ ಹಾಗೆ ಅನಿಸಲಿಲ್ಲ.

ಅಂಗಡಿಗೆ ಬಂದು ಹೆಡ್‌ಫೋನ್ ಹಾಕಿದರೆ ಅಡಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಕರೆಂಟ್ ವೈರಿನಿಂದ ನುಸುಳುವ, ದಿನಾ ಬೈದುಕೊಂಡು ತೆಗೆಯುವ ಸದ್ದೇ. ಕೈ ತಾನಾಗಿ ಓಡಿತು. ಅದನ್ನು ಅಳಿಸಿ, ಚೊಕ್ಕ ಮಾಡಿ, ಮಾರನೆಯ ದಿನದ ಮದುವೆಗೆಂದು ರೆಕಾರ್ಡರಿನ ಮೆಮೊರಿ ಕಾರ್ಡನ್ನೂ ಖಾಲಿ ಮಾಡಿಬಿಟ್ಟೆ. ಚೊಕ್ಕ ಮಾಡಿದ್ದನ್ನು ಪೂರ್ತಿ ಕೇಳದೆ ಸಭೆಗೆ ಕಳಿಸಿದೆ.

ತಾತನಿಗೆ ಶ್ರುತಿಜ್ಞಾನವೇ ಇಲ್ಲವಲ್ಲ ಎಂದು ಸಭೆಯವರು ನಕ್ಕರು. ಸಿಟ್ಟು ಬಂತು. ನಾನೇ ಕೂತು ಕೇಳಿದೆ. ನಿಜವಾಗಿಯೂ ಸ್ವರಗಳು ದಿಕ್ಕಾಪಾಲಾಗಿದ್ದವು.

ಚಿಕ್ಕಣ್ಣನವರ ಮನೆಗೆ ಹೋಗಿ ಫೋನಿನಲ್ಲಿ ಹಾಕಿ ಕೊಟ್ಟೆ. ಕಿವಿಗೆ ಹಿಡಿದು ಕೊನೆಯವರೆಗೂ ಕೇಳಿದರು.

"ನನ್ ಸುರುತಿ ಎಲ್ಲಪ್ಪ?" ಎಂದರು.

ಬ್ಲಫ್‌ನಲ್ಲಿ ಪಾಳಿ ಮುಗಿದ ಮೇಲೆ ಪವರ್‌ಹೌಸಿನ ಗೋಡೆಗೆ ಬೆನ್ನು ಕೊಟ್ಟು, ಮೆಷಿನ್ನಿನ ಗುಂಯ್‌ಗೇ ಶ್ರುತಿ ಕೂಡಿಸಿ ಕಲಿತಿದ್ದರಂತೆ. ಕೆಲಸ ಬಿಟ್ಟು ಬಂದ ಮೇಲೂ ಊದಲು ಕೂತರೆ ಅದು ಬರುತ್ತಿತ್ತಂತೆ. ಎಲ್ಲರಿಗೂ ಕೇಳಿಸುತ್ತದೆ ಎಂದೇ ತಿಳಿದಿದ್ದರು. ಆಗ ನನಗೆ ಹೊಳೆಯಿತು. ಅವತ್ತು ಊರಲ್ಲಿ ಕರೆಂಟೇ ಇರಲಿಲ್ಲ. ರೆಕಾರ್ಡರಿಗೆ ಯಾವ ವೈರೂ ತಾಕಿರಲಿಲ್ಲ.

ಇನ್ನೊಂದು ಸಲ ಊದಿ, ಏನನ್ನೂ ಮುಟ್ಟುವುದಿಲ್ಲ ಎಂದು ಕಾಲು ಹಿಡಿದೆ. ಊದಿದರು. ನಡುವೆ ನಿಲ್ಲಿಸಿ ಕಾದರು. ಬೀದಿಯಲ್ಲಿ ಬಸ್ಸು ಹೋದ ಸದ್ದು ಬಿಟ್ಟರೆ ಏನೂ ಇಲ್ಲ. ಸ್ಯಾಕ್ಸೊಫೋನನ್ನು ಮಡಿಲಿಗೆ ಇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇಷ್ಟ್ ವರ್ಸ ಕರೀದೇ ಬತ್ತಿತ್ತು ಕಣಪ್ಪ. ನೀನು ಬ್ಯಾಡ ಅಂದ್ಬುಟ್ಟೆ."

ಪುಟ್ಟತಾಯಮ್ಮ ನನ್ನ ಮುಂದೆ ಕಾಫಿ ಇಟ್ಟು, ಮುಖ ನೋಡದೆ ಒಳಗೆ ಹೋಗಿ, ಪಂಚೆ ಮಡಿಚಿ ಪೆಟ್ಟಿಗೆಗೆ ಹಾಕಿದರು.

ಅದು ಏನು, ಎಲ್ಲಿಂದ ಬರುತ್ತಿತ್ತು, ಇವತ್ತಿಗೂ ನನಗೆ ಗೊತ್ತಿಲ್ಲ. ಈಗ ಮದುವೆ ಮನೆಯಲ್ಲಿ ಸ್ಪೀಕರು ಗುಂಯ್ ಎಂದರೆ ನನ್ನ ಕೈ ಬಟನ್ನಿನ ಹತ್ತಿರ ಹೋಗಿ ನಿಲ್ಲುತ್ತದೆ. "ಲೇ, ಸೌಂಡ್ ಸರಿ ಮಾಡ್ಲಾ" ಎಂದು ಜನ ರೇಗುತ್ತಾರೆ. ಮಾಡುತ್ತೇನೆ. ಆದರೆ ಅದಕ್ಕೂ ಮೊದಲು, ಪಾಪಿ ನಾನು, ಒಂದೊಂದು ವೈರನ್ನೂ ಕಿತ್ತು ನೋಡುತ್ತೇನೆ, ಎಲ್ಲ ಕಿತ್ತ ಮೇಲೂ ಅದು ಉಳಿಯಲಿ ಎಂದು.