ಅಪ್ಪನ ಜೀಪಿಗೆ ಹೊಸ ಹೆಡರ್

ಅಪ್ಪ ತೀರಿಕೊಂಡ ಮೇಲೆ ಅವರ ಹಳೇ ಜೀಪನ್ನು ನಾನೇ ಓಡಿಸುತ್ತಿದ್ದೆ. ಎಂಜಿನ್ನಿನಿಂದ ಹೊಗೆ ಹೊರಹಾಕುವ ಪೈಪು ಬಿರುಕುಬಿಟ್ಟಿತ್ತು. ಪೀಣ್ಯದ ಮೆಕ್ಯಾನಿಕ್ ಕೇಳಿದ: "ಹಳೇ ಸೈಲೆನ್ಸರ್‌ಗೇ ವೆಲ್ಡಿಂಗ್ ಹೊಡೆದ್ರೆ ಅದೇ ಸೌಂಡು. ಸ್ಟೀಲಿಂದು ಹಾಕಿದ್ರೆ ಪಿಕಪ್ ಸಕ್ಕತ್ತಾಗಿರುತ್ತೆ, ಸೌಂಡ್ ಬದಲಾಗುತ್ತೆ. ಯಾವ್ದು ಸಾರ್?"

"ಅದು ಸೈಲೆನ್ಸರ್ ಅಲ್ಲಪ್ಪ, ಹೆಡರ್," ಅಂದೆ.

"ನಮ್ಗೆ ಎಲ್ಲಾ ಸೈಲೆನ್ಸರ್ರೇ ಸಾರ್, ಅವು ಎಷ್ಟು ಕಿರುಚಿದ್ರೂ."

ಆ ಹಳೇ ಸದ್ದು ಲಗ್ಗೆರೆಯ ನಮ್ಮ ಬೀದಿಗೆ ತಿರುಗಿದರೆ ಸಾಕು, ಅಮ್ಮ ಆಗಲೂ ಅಪ್ಪನಿಗೆಂದು ಕಾಫಿಗೆ ಹಾಲಿಡುತ್ತಿದ್ದಳು. ಬಾಗಿಲಲ್ಲಿ ನನ್ನ ಮುಖ ಕಂಡೊಡನೆ ಸ್ಟವ್ ಆರಿಸುತ್ತಿದ್ದಳು. ಅದನ್ನು ನೋಡಲಾರದೆ ಸ್ಟೀಲಿನದೇ ಹಾಕಿಸಿದೆ.

ಅವತ್ತು ಸಂಜೆ ಜೀಪು ಬೀದಿಗೆಲ್ಲ ಕೇಳುವಂತೆ ಅಬ್ಬರಿಸುತ್ತ ಬಂತು. ಅಮ್ಮ ಕೂತಲ್ಲಿಂದ ಏಳಲೇ ಇಲ್ಲ. ಅಡುಗೆಮನೆಯಲ್ಲಿ ಒಂದು ಪಾತ್ರೆಯ ಸದ್ದೂ ಇಲ್ಲ.

ಮೆಕ್ಯಾನಿಕ್ ಹೇಳಿದ್ದೇ ಸರಿ. ಅದು ಸೈಲೆನ್ಸರ್ರೇ.