ಬೆಲ್ಲದ ತೂಕದ ಮೇಲೆ ಡುಮ್ಮತ್ತೆ

ಪೂರಿಗಾಲಿಯ ನಮ್ಮ ಆಲೆಮನೆಯಲ್ಲಿ ಬೆಲ್ಲ ತೂಗಿ ಮುಗಿದ ಮೇಲೆ ಒಬ್ಬೊಬ್ಬರೇ ತೂಕದ ಯಂತ್ರ ಹತ್ತುವುದು, ಉಳಿದವರು ಬಾಯಿಗೆ ಬಂದಂತೆ ಆಡಿಕೊಳ್ಳುವುದು ವಾಡಿಕೆ. ದಪ್ಪಗಿದ್ದ ನನ್ನ ಸೋದರತ್ತೆ ಹತ್ತಿದರೆ, "ಮೂಟೆ ಬಂತು, ದೂರ ನಿಂತ್ಕಳ್ರಲಾ!" ಎನ್ನುತ್ತಿದ್ದರು. ಅವಳೂ ತಿರುಗಿಸಿ ಬೈಯುತ್ತಿದ್ದಳು.

ಕಾಯಿಲೆ ಬಿದ್ದ ವರ್ಷ, ಮೂಳೆಯಷ್ಟೇ ಉಳಿದಿದ್ದ ಅವಳು ಹಟ ಮಾಡಿ ಹತ್ತಿದಳು. ಯಾರೂ ನಗಲಿಲ್ಲ. ಒಬ್ಬರು ಮೆಲ್ಲಗೆ, "ಉಸಾರು ಕಣವ್ವ, ಇಳಿ" ಎಂದರು. ಅಷ್ಟು ಮೆತ್ತಗಿನ ದನಿಯನ್ನು ನಾನು ಸಾವಿನ ಮನೆಯಲ್ಲಿ ಮಾತ್ರ ಕೇಳಿದ್ದೆ.

"ಯಾಕ್ರಲಾ, ನಾನಾಗ್ಲೇ ಸತ್ತೋದ್ನಾ? ಬಯ್ರಲಾ!" ಎಂದಳು ಅತ್ತೆ.

"ಇಳಿ ಡುಮ್ಮತ್ತೆ, ತೂಕ ಮುರ್ದೋಯ್ತದೆ" ಎಂದು ನಾನು ಕೂಗಿದೆನಂತೆ; ಮನೆಯವರು ಹೇಳುತ್ತಾರೆ. ನನಗೆ ನೆನಪಿರುವುದು ಬೇರೆ. ನಾವೆಲ್ಲ ತೂಕದ ಮುಳ್ಳನ್ನು ನೋಡುತ್ತಿದ್ದೆವು. ಅತ್ತೆ ನಮ್ಮ ಬಾಯಿಗಳನ್ನು ಒಂದೊಂದಾಗಿ ನೋಡುತ್ತಾ ಬಂದಳು. ನನ್ನದೂ ತೆರೆಯಲಿಲ್ಲ.