ಹಾಲಿನ ಕಾಕಾನ ಕೂಗು

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ: ಆ ಬೇಸಿಗೆಯ ಬೆಳಿಗ್ಗೆ ಎರಡು ಕ್ಯಾನ್ ಹಾಲು ಒಡೆದುಹೋದದ್ದಕ್ಕೆ ಕಾರಣ ನನ್ನ ಬಾಯಿ. ತಪ್ಪನ್ನು ಬಿಸಿಲಿನ ಮೇಲೆ ಹಾಕಿ ಪಾರಾಗಲು ಇಷ್ಟು ವರ್ಷ ಪ್ರಯತ್ನ ಪಟ್ಟಿದ್ದೇನೆ. ಆಗಿಲ್ಲ.

ಹೋದ ವಾರ ಬೈಲಹೊಂಗಲದ ಒಂದು ಗುಜರಿ ಅಂಗಡಿಯಲ್ಲಿ ನನ್ನ ಬೈಕಿಗೆ ಹಳೇ ಸೈಲೆನ್ಸರ್ ಹುಡುಕುತ್ತಿದ್ದೆ. ಮುರಿದ ಕೂಲರುಗಳ ಹಿಂದೆ ಒಂದು ಹಾಲಿನ ಕ್ಯಾನು ಬಿದ್ದಿತ್ತು. ಸುಮ್ಮನಿರಲಾರದೆ ಮುಚ್ಚಳ ತಿರುವಿ ತೆಗೆದೆ. ಹಸಿ ಹಾಲು, ಬಾಡಿದ ಹುಲ್ಲು, ಸೈಕಲ್ ಚೈನಿನ ಎಣ್ಣೆ, ಮೂರೂ ಕಲಸಿದ ವಾಸನೆಯೊಂದು ಮೂಗಿಗೆ ಬಂತು. "ಏನ್ರೀ, ಕ್ಯಾನಿನ್ಯಾಗ ತಲಿ ಹಾಕಿ ನಿಂತ್ರಲ್ಲ" ಎಂದು ಗುಜರಿಯವನು ಕೇಳುವಷ್ಟು ಹೊತ್ತು ಹಾಗೇ ನಿಂತಿದ್ದೆನಂತೆ. ನಾನಾಗ ಅವನ ಅಂಗಡಿಯಲ್ಲಿರಲಿಲ್ಲ... ಸಂಪಗಾಂವದ ರಸ್ತೆಯಲ್ಲಿ, ಹಳ್ಳ ದಾಟಿದ ಮೇಲೆ ಬರುವ ಏರಿನ ನೆತ್ತಿಯ ಮೇಲಿದ್ದೆ.

ಹಾಲಿನ ಕಾಕಾ ಸಂಪಗಾಂವದವರು. ದಿನಾ ಬೆಳಕು ಹರಿಯುವ ಹೊತ್ತಿಗೆ ಸೈಕಲ್ಲಿನ ಎರಡೂ ಬದಿಗೆ ಕ್ಯಾನು ತೂಗುಹಾಕಿಕೊಂಡು ಬೈಲಹೊಂಗಲಕ್ಕೆ ಬರುತ್ತಿದ್ದರು. ಒಣಗಿದ ಮೈ, ಮೊಣಕಾಲ ಮೇಲೆ ಕಟ್ಟಿದ ಧೋತರ, ತಲೆಗೆ ಟವೆಲ್ಲು. ಹಾಲು ತುಳುಕಬಾರದೆಂದು ಕ್ಯಾನಿನ ಬಾಯಿಗೆ ಹಸಿ ಹುಲ್ಲಿನ ಸಿಂಬಿ. ಅವರ ಕೂಗಿಗೆ ಒಂದು ಅಳತೆ ಇತ್ತು. ನಮ್ಮ ಓಣಿಯ ಬಾಯಲ್ಲಿ ಸೈಕಲ್ ತಿರುಗಿಸುತ್ತಲೇ "ಹಾ" ಎಂದು ಹಿಡಿದ ದನಿ, ನಡುವಿನ ನಲ್ಲಿಕಟ್ಟೆ ದಾಟಿ, ಕಟ್ಟಕಡೆಗಿರುವ ನಮ್ಮ ಮನೆಯ ಮುಂದೆ ಬಂದು "ಲ್ರೀ" ಎಂದು ಇಳಿಯುತ್ತಿತ್ತು. ಪೆಡಲ್ ತುಳಿಯುತ್ತ, ಇಡೀ ಓಣಿಗೆ ಒಂದೇ ಉಸಿರು.

ನಾನೋ ಹುಟ್ಟಾ ನಕಲುಗಾರ. ಬಸ್ ಕಂಡಕ್ಟರ್, ಸಾಲಿಯ ಹೆಡ್‌ಮಾಸ್ತರ್, ನಮ್ಮಪ್ಪನ ಸೀನು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಯಾರೂ ಸಿಗದ ದಿನ ನನ್ನದೇ ಗೊರಕೆಯ ನಕಲು ಮಾಡಿ ನಗಿಸುತ್ತಿದ್ದೆ. ಕಾಕಾನ ಕೂಗು ಕೈವಶವಾದ ದಿನ ತಡೆಯಲಾಗಲಿಲ್ಲ. ಅವರು ಬರುವುದಕ್ಕೆ ಅರ್ಧ ಗಂಟೆ ಮೊದಲು ಮಾಳಿಗೆ ಹತ್ತಿ, ಗೋಡೆಯ ಮರೆಯಲ್ಲಿ ಕುಳಿತು ಕೂಗಿದೆ. ಓಣಿಯ ಬಾಗಿಲುಗಳೆಲ್ಲ ತೆರೆದವು. ಹೆಂಗಸರು ಕಣ್ಣುಜ್ಜಿಕೊಳ್ಳುತ್ತ ಪಾತ್ರೆ ಹಿಡಿದು ನಿಂತರು. ಎದುರುಮನೆಯ ಮುದುಕಿ ಆಯಿಯಂತೂ ಹಿತ್ತಾಳೆಯ ತಂಬಿಗೆ ಹಿಡಿದು ಅಂಗಳದ ಅಂಚಿನವರೆಗೆ ಬಂದು, ಎರಡೂ ಕಡೆ ನೋಡಿ, ಗೊಣಗುತ್ತ ಒಳಗೆ ಹೋದಳು. ಮೂರು ದಿನ ಹೀಗೇ ನಡೆಯಿತು. ಮೂರನೆಯ ದಿನ ನಗು ತಡೆಯಲಾರದೆ ಸಿಕ್ಕಿಬಿದ್ದೆ.

ನಾಲ್ಕನೆಯ ದಿನ ನಿಜವಾದ ಕಾಕಾ ಬಂದು ಕೂಗಿದರು. ಒಂದು ಬಾಗಿಲೂ ತೆರೆಯಲಿಲ್ಲ. ಮತ್ತೆ ಆ ನಕಲುಗಾರನದೇ ಕಾಟ ಎಂದು ಎಲ್ಲರೂ ಮಗ್ಗುಲು ಬದಲಿಸಿ ಮಲಗಿದರು, ನಮ್ಮವ್ವನೂ. ನಾನಂತೂ ನಿಜವಾಗಿಯೂ ಮಲಗಿದ್ದೆ. ಕಾಕಾ ಎರಡು ಸಲ ಓಣಿ ಸುತ್ತಿದರು. ಉಳಿದ ಓಣಿಗಳಿಗೆ ಅವರವರ ಹಾಲಿನವರು ಇದ್ದರು. ಬಿಸಿಲೇರಿತು.

ಹನ್ನೊಂದರ ಸುಮಾರಿಗೆ ಅವರು ನಮ್ಮ ಬಾಗಿಲಿಗೆ ಬಂದರು. ಅಷ್ಟೊತ್ತಿಗೆ ಯಾರೋ ನನ್ನ ಸುದ್ದಿ ಹೇಳಿದ್ದರು. ಕ್ಯಾನಿನ ಮುಚ್ಚಳ ತೆಗೆದು ನನ್ನ ಮುಂದಿಟ್ಟರು. ಒಳಗೆ ಹಾಲು ಗಡ್ಡೆಗಡ್ಡೆಯಾಗಿತ್ತು.

"ನನ್ನ ದನಿ ಚಲೋ ತಗೀತಿಯಂತ. ತಗಿ, ಕೇಳೂಣು."

ತಲೆ ತಗ್ಗಿಸಿ ಸಣ್ಣಗೆ ತೆಗೆದೆ.

"ಹಂಗಲ್ಲ. ಓಣಿ ಬಾಯಾಗಿಂದ ಇಲ್ಲೀಮಟ ಸೈಕಲ್ ಹೊಡಕೋಂತ ತಗಿ."

ಅವರದೇ ಸೈಕಲ್ ಹತ್ತಿದೆ. ನನ್ನ "ಹಾ" ಮೂರನೇ ಮನೆಯ ಮುಂದೆ ಸತ್ತುಹೋಯಿತು. ಮೊದಲ ಸಲ ಇಡೀ ಓಣಿ ನನ್ನ ನಕಲಿಗೆ ನಗದೆ ನನಗೇ ನಕ್ಕಿತು.

"ದನಿ ಬರೋಬ್ಬರಿ ಐತಿ. ಉಸಿರಽ ಇಲ್ಲ," ಎಂದರು ಕಾಕಾ, ವೈದ್ಯರು ಹೇಳುವ ಹಾಗೆ. "ನಾಳಿಂದ ನನ್ನ ಸಂಗಾಟ ಬಾ. ನೀನಽ ಒದರು. ನಂದ್ಯಾವುದು ನಿಂದ್ಯಾವುದು ಅನ್ನೂದು ಮಂದಿಗೆ ತಿಳೀಲಿ."

"ಒಯ್ಯಿರಿ ಕಾಕಾ, ಒಯ್ಯಿರಿ," ಎಂದಳು ಅವ್ವ ಬಾಗಿಲಲ್ಲೇ ನಿಂತು. "ತಿರುಗಿ ತಂದು ಬಿಡಬೇಕಂತೇನೂ ಇಲ್ಲ."

ಇದು ಶಿಕ್ಷೆ ಎಂದುಕೊಂಡೇ ಹೋದೆ. ಅದು ಬೇರೇನೋ ಎಂದು ತಿಳಿಯಲು ನನ್ನ ಇನ್ನೊಂದು ಹುಚ್ಚಿನ ಬಗ್ಗೆ ಹೇಳಬೇಕು. ಆಗ ನನಗೆ ಮೋಟೋಕ್ರಾಸ್ ಹಿಡಿದಿತ್ತು. ಸೆಕೆಂಡ್ ಹ್ಯಾಂಡ್ ಬೈಕೊಂದರ ಲೈಟು, ಇಂಡಿಕೇಟರ್ ಎಲ್ಲ ಕಿತ್ತು, ಹಲ್ಲುಹಲ್ಲಿನ ದಪ್ಪ ಟೈರು ಹಾಕಿಸಿಕೊಂಡಿದ್ದೆ. ಕಿತ್ತೂರಿನ ಹತ್ತಿರ ಹೆದ್ದಾರಿಗೆ ತಾಗಿದ ಬೀಳು ಹೊಲದಲ್ಲಿ ವರ್ಷಕ್ಕೊಮ್ಮೆ ಮಣ್ಣಿನ ರೇಸು ನಡೆಯುತ್ತಿತ್ತು. ದಿಬ್ಬ, ತಗ್ಗು, ತಿರುವು, ಎಂಟು ಸುತ್ತು. ಎರಡು ವರ್ಷ ಹೋಗಿದ್ದೆ. ಎರಡೂ ಸಲ ಮೂರನೇ ಸುತ್ತಿನವರೆಗೆ ಎಲ್ಲರಿಗಿಂತ ಮುಂದೆ ನಾನೇ. ನಾಲ್ಕನೆಯದರಲ್ಲಿ ಎದೆ ಗಂಟಲಿಗೆ ಬರುತ್ತಿತ್ತು. ಮುಂಗೈ ಕಲ್ಲಾಗಿ, ಬೆರಳಿಗೆ ಕ್ಲಚ್ ಎಲ್ಲಿದೆ ಎಂಬುದೇ ಮರೆತುಹೋಗುತ್ತಿತ್ತು. ಐದನೆಯದರಲ್ಲಿ ಗಾಡಿಯೊಂದು ಕಡೆ, ನಾನೊಂದು ಕಡೆ. ಬಿದ್ದದ್ದನ್ನು ನಾನೇ ನಕಲು ಮಾಡಿ ತೋರಿಸಿ ಗೆಳೆಯರನ್ನು ನಗಿಸಿದೆ. ಮನೆಗೆ ಬಂದರೆ ಅವ್ವ, "ಓಡೂದು ಗಾಡಿ, ತೇಕೂದು ನೀ. ಇದ್ಯಾವ ನಮೂನಿ ಆಟ" ಎನ್ನುತ್ತಿದ್ದಳು. ಇಡೀ ಹೊತ್ತು ನಿಂತೇ ಓಡಿಸಬೇಕು, ಕಾಲು, ಸೊಂಟ, ಎದೆ ಎಲ್ಲವೂ ಓಟದ ಹೋರಿಯ ಹಾಗೆ ದುಡಿಯುತ್ತವೆ ಎಂದು ಅವಳಿಗೆ ಹೇಳಲೂ ನನ್ನಲ್ಲಿ ಉಸಿರಿರುತ್ತಿರಲಿಲ್ಲ. ಗೆಲ್ಲುವುದು ದೂರದ ಮಾತು. ಒಂದು ಸಲ ಎಂಟೂ ಸುತ್ತು ಬೀಳದೆ ಮುಗಿಸಬೇಕು, ಅದೊಂದೇ ಆಸೆ.

ಹಾಗಾಗಿ ನಸುಕಿನಲ್ಲಿ ಸೈಕಲ್ ತುಳಿದು ಸಂಪಗಾಂವಕ್ಕೆ ಹೋಗುವುದು, ಕಾಕಾನ ಜೊತೆ ಕ್ಯಾನು ಕಟ್ಟಿಕೊಂಡು ತಿರುಗಿ ಬರುವುದು ಶುರುವಾಯಿತು. ಮೊದಲ ದಿನ ಕೈಗೆ ಎದೆಬಡಿತ ತೋರಿಸುವ ಗಡಿಯಾರ ಕಟ್ಟಿಕೊಂಡು ಜಂಬದಿಂದ ಹೋದೆ. ಕಾಕಾ ಅದನ್ನು ಬಿಚ್ಚಿಸಿ ಹಾಲಿನ ಕ್ಯಾನಿನ ಹಿಡಿಕೆಗೆ ಸುತ್ತಿದರು. ಸ್ವಲ್ಪ ಹೊತ್ತಿನಲ್ಲಿ ಗಡಿಯಾರ ಕ್ಯಾನಿನ ಎದೆಬಡಿತವನ್ನೂ ತೋರಿಸಿತು.

"ಪಾಪ, ಕ್ಯಾನ್ ಹೆದರೈತಿ," ಎಂದರು ಕಾಕಾ. "ಕಿಸೇದಾಗ ಇಡು ಇದನ್ನ. ನನ್ನ ಜೋಡಿ ಮಾತಾಡ್ಕೋಂತ ಬಾ. ಮಾತು ತುಂಡಾತಂದ್ರ ಜೋರು ಹೊಂಟಿ ಅಂತ ತಿಳಕೊ, ಸಾವಕಾಶ ಮಾಡು."

ಅಷ್ಟೇ ಅವರ ವಿದ್ಯೆ. ಸಪಾಟಾದ ರಸ್ತೆಯಲ್ಲಿ ಮಾತು. ಅವರು ಎಮ್ಮೆಗಳ ಸುದ್ದಿ ಹೇಳುತ್ತಿದ್ದರು, ನಾನು ಹೆಡ್‌ಮಾಸ್ತರರ ದನಿಯಲ್ಲಿ ಆ ಎಮ್ಮೆಗಳ ಹಾಜರಿ ತೆಗೆದುಕೊಳ್ಳುತ್ತಿದ್ದೆ. ಏರು ಬಂದಾಗ ಸೀಟಿನಿಂದೆದ್ದು, ಇದ್ದಬಿದ್ದ ಶಕ್ತಿ ಹಾಕಿ ತುಳಿಯುವುದು. ನೆತ್ತಿ ತಲುಪಿದ ಕೂಡಲೇ, ಕಾಲು ಊರದೆ, ಕೂಗು. ಇಳಿಜಾರಿನಲ್ಲಿ ಮತ್ತೆ ಮಾತಿಗೆ ಬರಬೇಕು. ಮೊದಲ ವಾರ ನೆತ್ತಿಯ ಮೇಲೆ ನನ್ನ ಬಾಯಿಂದ ಹೊರಟದ್ದು ಕೂಗೋ ಬಿಕ್ಕಳಿಕೆಯೋ ಹೇಳುವುದು ಕಷ್ಟ. ಒಂದು ತಿಂಗಳಿಗೆ ಶಿಕ್ಷೆ ಮುಗಿಯಿತು ಎಂದು ಅವರು ಹೇಳಿದರು. ಮರುದಿನವೂ ಹೋದೆ. ಅವರು ನನ್ನ ಪಾಲಿನ ಕ್ಯಾನು ತಂದಿಟ್ಟರು.

ಬಹಳ ಪೀಡಿಸಿದ ಮೇಲೆ ಒಂದು ದಿನ ನನ್ನ ಪ್ರಾಕ್ಟೀಸ್ ನೋಡಲು ಬಂದರು. ಫಸಲು ತೆಗೆದ ಹೊಲದಲ್ಲಿ ನಾನು ದಿಬ್ಬ ಹಾರಿಸುವುದನ್ನು ಒಡ್ಡಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ನೋಡಿದರು. ಹೊಗಳುತ್ತಾರೆಂದು ಹೆಲ್ಮೆಟ್ ತೆಗೆದು ಹತ್ತಿರ ಹೋದೆ.

"ಗಾಡಿ ಹಾರಿದಾಗೊಮ್ಮೆ ಉಸಿರು ಹಿಡೀತಿಯಲ್ಲೋ. ಬಾವ್ಯಾಗ ಜಿಗಿಯಾಕತ್ತೀ ಏನ?"

"ಹೆದರಿಕಿ ಆಗತೈತ್ರಿ ಕಾಕಾ."

"ಹೆದರು, ಅದಕ್ಕ ಯಾರ ಬ್ಯಾಡ ಅಂದಾರ. ಉಸಿರು ಬಿಟಗೋಂತ ಹೆದರು. ಹಾರಿದಾಗ ನನ್ನ ಕೂಗು ಹಾಕು, ತಾನಽ ಹೊರಗ ಬರತೈತಿ."

ಆ ವರ್ಷದ ರೇಸಿಗೆ ಕಾಕಾ ಹಾಲು ಹಾಕಿ ಮುಗಿಸಿ, ಖಾಲಿ ಕ್ಯಾನುಗಳನ್ನು ಗಡಗಡಿಸುತ್ತ ಸೈಕಲ್ ಮೇಲೇ ಕಿತ್ತೂರಿಗೆ ಬಂದರು. ಹಗ್ಗದ ಆಚೆ ಜನರ ನಡುವೆ ಅವರ ಟವೆಲ್ಲು ಕಾಣುತ್ತಿತ್ತು. ನಾನು ಹೆಲ್ಮೆಟ್ಟಿನೊಳಗೆ ಪ್ರತಿ ದಿಬ್ಬಕ್ಕೂ "ಹಾಲ್ರೀ" ಎನ್ನುತ್ತ ಹಾರಿದೆ. ಪಕ್ಕದಲ್ಲಿ ಬಂದ ಹುಬ್ಬಳ್ಳಿಯ ಹುಡುಗನೊಬ್ಬ ತಿರುಗಿ ನೋಡಿದ. ಅವನಿಗೆ ಹಾಲು ಬೇಕಿತ್ತೋ ಏನೋ... ನಾಲ್ಕನೇ ಸುತ್ತು ಬಂತು, ಹೋಯಿತು. ಐದು. ಕೈ ಬಿಗಿಯಿತು, ಆದರೆ ಬೆರಳು ಇನ್ನೂ ನನ್ನವೇ ಆಗಿದ್ದವು. ಏಳನೇ ಸುತ್ತಿನಲ್ಲಿ ಹಗ್ಗದ ಆಚೆಯಿಂದ ಒಂದು ಕೂಗು ಕೇಳಿತು, ಎಂಜಿನ್ನುಗಳ ಸದ್ದನ್ನೂ ಸೀಳಿಕೊಂಡು, ಉದ್ದಕ್ಕೆ. ಎಂಟೂ ಸುತ್ತು ಮುಗಿಸಿದೆ. ನಾಲ್ಕನೆಯವನಾಗಿ ಬಂದೆ. ಬಹುಮಾನ ಮೂವರಿಗೇ ಇತ್ತು.

ಗಾಡಿ ನಿಲ್ಲಿಸಿ ನಿಂತಾಗ ಕಾಕಾ ಎದುರಿಗೆ ಬಂದರು. "ಮಾತಾಡು," ಎಂದರು.

ನಾನು ಅವರದೇ ದನಿಯಲ್ಲಿ, ಓಣಿಯಷ್ಟು ಉದ್ದದ ಕೂಗು ಹಾಕಿದೆ. ನಡುವೆ ಎಲ್ಲೂ ತುಂಡಾಗಲಿಲ್ಲ. ಅವರು ತಲೆಯಾಡಿಸಿದರು. "ಎಮ್ಮಿ ಹಿಂಡೂ ಹೊತ್ತಾತು," ಎಂದು ಸೈಕಲ್ ತಿರುಗಿಸಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಮುಂದಿನ ವರ್ಷ ಕಾಕಾನ ಕೂಗಿನಲ್ಲಿ ಒಂದು ಬಿರುಕು ಬಂತು. ನಲ್ಲಿಕಟ್ಟೆಯ ಹತ್ತಿರ ದನಿ ನಿಂತು, ಒಂದು ಗುಟುಕು ಗಾಳಿ ಕುಡಿದು, ಮತ್ತೆ ಮುಂದುವರಿಯುತ್ತಿತ್ತು. ನನ್ನ ಕಿವಿ ಇಂಥದ್ದನ್ನು ಬಿಡುವುದಿಲ್ಲ. ಅದೇ ಬಿರುಕು ಸಮೇತ ಚಹಾದಂಗಡಿಯಲ್ಲಿ ನಕಲು ಮಾಡಿದೆ. ಮಂದಿ ನಕ್ಕರು. ಅದು ಏನು ಎಂದು ಒಬ್ಬರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಆಮೇಲೆ ಅವರು ಏರಿನ ಬುಡದಲ್ಲಿ ಸೈಕಲ್ಲಿನಿಂದ ಇಳಿದು ನೂಕಿಕೊಂಡು ಬರತೊಡಗಿದರು. ನಾನು ಆಗಲೇ ನೆತ್ತಿ ತಲುಪಿ, ಕೂಗು ಹಾಕಿ, ಕಾಯುತ್ತ ನಿಂತಿರುತ್ತಿದ್ದೆ. ಒಂದು ದಿನ ಅವರು ಅರ್ಧ ಏರಿನಲ್ಲಿ ನಿಂತರು. ನಾನು ಮೇಲಿಂದ ಅವರದೇ ದನಿಯಲ್ಲಿ ಕೂಗಿ ಹೇಳಿದೆ, "ಮಾತಾಡು."

ಅವರು ಮಾತಾಡಲಿಲ್ಲ. ಒಂದು ಕೈ ಎತ್ತಿ ಸುಮ್ಮನೆ ಅಲ್ಲಾಡಿಸಿದರು.

ನಾನು ಗೆದ್ದೆ ಎಂದುಕೊಂಡೆ... ಆ ಎತ್ತಿದ ಕೈಯನ್ನು ಈಗ ಎಷ್ಟು ಸಲ ನೋಡುತ್ತೇನೋ. ಅದರ ನಕಲು ನನಗೆ ಬರುವುದಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಸಂಪಗಾಂವಕ್ಕೆ ಹೋದಾಗ ಅವರ ಮನೆಯ ಮುಂದೆ ಜನ ಕುಳಿತಿದ್ದರು. ತುಂಬಿದ ಕ್ಯಾನುಗಳು ಗೋಡೆಗೆ ಒರಗಿ ನಿಂತಿದ್ದವು. ಕಾಕಾನಿಗೆ ಎಷ್ಟೋ ತಿಂಗಳಿಂದ ಎದೆ ಹಿಡಿದುಕೊಳ್ಳುತ್ತಿತ್ತಂತೆ. ಯಾರಿಗೂ ಹೇಳಿರಲಿಲ್ಲವಂತೆ. ನನ್ನ ಎದೆಗೆ ಅಷ್ಟೆಲ್ಲ ಕಲಿಸಿದವರು. ನನ್ನ ಕಿಸೆಯಲ್ಲಿ ಆ ಗಡಿಯಾರ ಇತ್ತು, ಕ್ಯಾನಿಗೂ ಜೀವ ಇದೆ ಎಂದು ಹೇಳಿದ ಗಡಿಯಾರ. ಅದನ್ನು ಆಮೇಲೆ ಕಟ್ಟಿಲ್ಲ.

ಈಗ ನಮ್ಮ ಓಣಿಗೆ ಪಾಕೀಟಿನ ಹಾಲು ಬರುತ್ತದೆ. ಹುಡುಗನೊಬ್ಬ ಸ್ಕೂಟಿಯಲ್ಲಿ ಬಂದು, ಕೂಗದೆ, ಬಾಗಿಲಿನ ಚೀಲಕ್ಕೆ ಹಾಕಿ ಹೋಗುತ್ತಾನೆ. ನಾನು ಇನ್ನೂ ರೇಸಿಗೆ ಹೋಗುತ್ತೇನೆ, ದಿಬ್ಬ ಹಾರುವಾಗ ಕೂಗುತ್ತೇನೆ, ಎಂಟು ಸುತ್ತು ಮುಗಿಸುತ್ತೇನೆ. ಮುಗಿಸಿ ನಿಂತಾಗ ಮಾತಾಡು ಎನ್ನುವವರಿಲ್ಲ. ಎಲ್ಲರೂ ಫೋಟೋ ತೆಗೆಯುತ್ತಾರೆ.

ಗುಜರಿ ಅಂಗಡಿಯಿಂದ ಸೈಲೆನ್ಸರ್ ಬಿಟ್ಟು ಕ್ಯಾನು ತಂದೆ. ಮರುದಿನ ಬೆಳಿಗ್ಗೆ ಅದನ್ನು ಸೈಕಲ್ಲಿಗೆ ಕಟ್ಟಿ ಸಂಪಗಾಂವದವರೆಗೆ ಹೋಗಿ ಬಂದೆ. ತಿರುಗಿ ಬರುವಾಗ ಓಣಿಯ ಬಾಯಲ್ಲಿ ಏನಾಯಿತೋ, ಕೂಗು ತಾನಾಗಿ ಹೊರಟಿತು. ನಗಿಸುವ ಮನಸ್ಸಿರಲಿಲ್ಲ, ಆಣೆಗೂ ಇರಲಿಲ್ಲ. ಆ ಕೂಗನ್ನು ಒಮ್ಮೆ ಕೇಳಬೇಕಾಗಿತ್ತು, ಅಷ್ಟೆ. ನಲ್ಲಿಕಟ್ಟೆ ದಾಟಿತು, ಬಿರುಕಿಲ್ಲದೆ. ನಮ್ಮ ಮನೆಯ ಮುಂದೆ "ಲ್ರೀ" ಎಂದು ಇಳಿಯಿತು.

ಒಂದೇ ಬಾಗಿಲು ತೆರೆಯಿತು. ಎದುರುಮನೆಯ ಆಯಿ, ಈಗ ಇನ್ನೂ ಬಾಗಿದ್ದಾಳೆ, ಅಂಗಳದ ಅಂಚಿಗೆ ಬಂದು ನಿಂತಳು. ಕೈಯಲ್ಲಿ ಅದೇ ಹಿತ್ತಾಳೆಯ ತಂಬಿಗೆ. ನನ್ನನ್ನು ನೋಡಿದಳು, ಖಾಲಿ ಕ್ಯಾನನ್ನು ನೋಡಿದಳು. ನನಗೆ ಸೈಕಲ್ ಸಮೇತ ನೆಲದೊಳಗೆ ಇಳಿದುಹೋಗಬೇಕು ಎನಿಸಿತು.

"ತಪ್ಪಾತ್ರೀ ಆಯಿ. ಕಾಕಾ ಅಂತ ತಿಳಕೊಂಡ್ರಿ ಏನ?"

"ಕೊನೀ ಕೊನೀಗೆ ಅಂವ ನಲ್ಲಿಕಟ್ಟಿ ಹತ್ರ ನಿಂದರ್ತಿದ್ದ. ನೀ ನಿಂದರಲಿಲ್ಲ," ಎಂದಳು. "ನೀನಽ ಅಂತ ಅಲ್ಲೇ ಗೊತ್ತಾತು."

"ಗೊತ್ತಾಗಿದ್ರ ಮತ್ತ ತಂಬಿಗಿ ಯಾಕ ತಂದ್ರಿ?"

ಆಯಿ ತನ್ನ ಕೈಯಲ್ಲಿದ್ದ ತಂಬಿಗೆಯನ್ನು ಒಮ್ಮೆ ನೋಡಿಕೊಂಡಳು.

"ಕಿವಿಗೆ ಗೊತ್ತಾತೋ. ಕೈಗೆ ಗೊತ್ತಾಗಲಿಲ್ಲ."